ಜಾಲಪುಟ ವಿನ್ಯಾಸದ ಸ್ವಯಂ ಕಲಿಕೆ: ಗ್ರಾಮೀಣ ನಾಗರಿಕರಿಗೆ ಪ್ರಾಥಮಿಕ ಮಾಹಿತಿ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂತಹ ಗ್ರಾಮಗಳ ನಿವಾಸಿಗಳು ಜಾಲಪುಟ ವಿನ್ಯಾಸವನ್ನು ಕಲಿಯಲು ನಗರದ ತರಬೇತಿ ಕೇಂದ್ರಗಳಿಗೆ ತೆರಳುವುದು ಅನಿವಾರ್ಯವಲ್ಲ. ಸಾಧಾರಣ ಗಣಕಯಂತ್ರವೊಂದು ಲಭ್ಯವಿದ್ದಲ್ಲಿ ಆಸಕ್ತರು ಸ್ವಪ್ರಯತ್ನದಿಂದ ಇದನ್ನು ಕಲಿಯಬಹುದಾಗಿದೆ. ಆದರೆ ಕನ್ನಡದಲ್ಲಿ ಪುಟ ರಚಿಸುವವರು ಮೊದಲ ದಿನವೇ ಒಂದು ಅಂಶವನ್ನು ಅರಿತಿರಬೇಕು. ಪುಟದ ಪಠ್ಯವು ಯೂನಿಕೋಡ್ ಸಂಕೇತದಲ್ಲಿ ಇರತಕ್ಕದ್ದು. ಇಲ್ಲವಾದಲ್ಲಿ ರಚಿಸಿದವರ ಗಣಕಯಂತ್ರದಲ್ಲಿ ಸರಿಯಾಗಿ ಕಾಣುವ ಪುಟವು ಇತರರಿಗೆ ಓದಲು ಬಾರದಂತಾಗುತ್ತದೆ.

1. ಹಿನ್ನೆಲೆ

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವನೆಯನ್ನು ಮಂಡಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ತಂತ್ರಜ್ಞಾನವನ್ನು ಎಲ್ಲರ ಉಚಿತ ಬಳಕೆಗೆ ಬಿಟ್ಟುಕೊಟ್ಟಿತು. ಆದ್ದರಿಂದ ಜಾಲಪುಟ ರಚಿಸಲು ಯಾವುದೇ ಪರವಾನಗಿಯಾಗಲಿ ಶುಲ್ಕವಾಗಲಿ ಅಗತ್ಯವಿಲ್ಲ. ಪುಟದ ರಚನೆಯನ್ನು ಎಚ್‌ಟಿಎಂಎಲ್ ಭಾಷೆಯೂ, ಬಣ್ಣ, ಅಳತೆ, ಅಂಚು ಮುಂತಾದ ಹೊರರೂಪವನ್ನು ಸಿಎಸ್‌ಎಸ್ ಭಾಷೆಯೂ ನಿರ್ಧರಿಸುತ್ತವೆ.

2. ಅಗತ್ಯವಿರುವ ಸಾಧನಗಳು

(ಅ) ನೋಟ್‌ಪ್ಯಾಡ್‌ನಂತಹ ಸರಳ ಪಠ್ಯ ಸಂಪಾದಕ.
(ಆ) ಯಾವುದಾದರೊಂದು ಬ್ರೌಸರ್.
(ಇ) ಯೂನಿಕೋಡ್ ಕನ್ನಡ ಕೀಲಿಮಣೆ ತಂತ್ರಾಂಶ.

ಸ್ವಂತ ಗಣಕಯಂತ್ರದಲ್ಲಿ ಉಳಿಸಿದ ಪುಟವನ್ನು ಅಂತರಜಾಲ ಸಂಪರ್ಕವಿಲ್ಲದೆಯೂ ಬ್ರೌಸರ್‌ನಲ್ಲಿ ತೆರೆದು ನೋಡಬಹುದು. ಮನೆಯಲ್ಲಿ ಗಣಕಯಂತ್ರವಿಲ್ಲದವರು ಆ ಸೌಲಭ್ಯವಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ವಿಚಾರಿಸಬಹುದು.

3. ಕಲಿಕೆಯ ಕ್ರಮ

(ಅ) ಮೊದಲಿಗೆ ಶೀರ್ಷಿಕೆ, ಪರಿಚ್ಛೇದ, ಪಟ್ಟಿ, ಕೋಷ್ಟಕ, ಕೊಂಡಿ ಮತ್ತು ಚಿತ್ರ ಎಂಬ ಆರು ಅಂಗಗಳ ಟ್ಯಾಗ್‌ಗಳನ್ನು ಮಾತ್ರ ಅಭ್ಯಾಸ ಮಾಡುವುದು. ಟ್ಯಾಗ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಅವುಗಳ ನಡುವಿನ ಪಠ್ಯವು ಕನ್ನಡದಲ್ಲಿರಬಹುದು.

(ಆ) ತಮಗೆ ತಿಳಿದ ವಿಷಯದ ಮೇಲೆ ಒಂದು ಪುಟ ರಚಿಸುವುದು. ಉದಾಹರಣೆಗೆ, ಊರಿನ ಹೆಸರು ಶೀರ್ಷಿಕೆಯಾಗಿ, ಸವಣೂರಿನ ದೊಡ್ಡಹುಣಸೆ ಮರಗಳನ್ನು ಕುರಿತ ಒಂದು ಪರಿಚ್ಛೇದ, ತಾಲ್ಲೂಕು ಕೇಂದ್ರಕ್ಕೆ ತೆರಳುವ ಬಸ್ಸುಗಳ ವೇಳೆಯ ಕೋಷ್ಟಕ.

(ಇ) ರಚನೆ ಸರಿಯಾದ ನಂತರವೇ ಸಿಎಸ್‌ಎಸ್ ಮೂಲಕ ಬಣ್ಣ ಮತ್ತು ಅಕ್ಷರದ ಗಾತ್ರವನ್ನು ನಿಗದಿಪಡಿಸುವುದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಿದಲ್ಲಿ ದೋಷವನ್ನು ಗುರುತಿಸುವುದು ಸುಲಭ.

(ಈ) ಪುಟವನ್ನು ಮೊಬೈಲ್ ಪರದೆಯಲ್ಲಿಯೂ ಪರೀಕ್ಷಿಸುವುದು. ಚಿತ್ರಗಳ ಗಾತ್ರ ಕಿರಿದಾಗಿದ್ದಲ್ಲಿ ನಿಧಾನಗತಿಯ ಸಂಪರ್ಕವಿರುವವರಿಗೂ ಪುಟ ಬೇಗ ತೆರೆಯುತ್ತದೆ. ಪ್ರತಿ ಚಿತ್ರಕ್ಕೂ ಪಠ್ಯ ವಿವರಣೆ ನೀಡುವುದು ದೃಷ್ಟಿದೋಷವುಳ್ಳವರಿಗೆ ಅತ್ಯಗತ್ಯ.

(ಉ) ಬ್ರೌಸರ್‌ನ ಮೂಲ ಸಂಕೇತ ವೀಕ್ಷಣೆ ಸೌಲಭ್ಯದ ಮೂಲಕ ಇತರ ಪುಟಗಳ ರಚನೆಯನ್ನು ಅಧ್ಯಯನ ಮಾಡುವುದು.

4. ಕನ್ನಡ ಪಠ್ಯಕ್ಕೆ ಸಂಬಂಧಿಸಿದ ವಿಶೇಷ ಸೂಚನೆ

ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ‘ಹತ್ತಿಮತ್ತೂರು’ ಎಂಬ ಹೆಸರು ಕಣ್ಣಿಗೆ ಐದು ಅಕ್ಷರಗಳಾಗಿ ಕಂಡರೂ ಗಣಕಯಂತ್ರವು ಅದನ್ನು ವ್ಯಂಜನ, ವಿರಾಮ ಚಿಹ್ನೆ ಮತ್ತು ಸ್ವರಚಿಹ್ನೆಗಳ 12 ಸಂಕೇತಗಳಾಗಿ ಉಳಿಸಿಕೊಳ್ಳುತ್ತದೆ. ಯುಟಿಎಫ್-8 ಕ್ರಮದಲ್ಲಿ ಇವು 36 ಬೈಟ್‌ಗಳಾಗುತ್ತವೆ. ಅಕ್ಷರಶೈಲಿ ಯಾವುದೇ ಆಗಿರಲಿ, ಈ ಸಂಕೇತಗಳು ಬದಲಾಗುವುದಿಲ್ಲ.

ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳ ಕ್ರಮ ಬೇರೆ. ಅವುಗಳಲ್ಲಿ ಇಂಗ್ಲಿಷ್ ಮುಂತಾದ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅಂತಹ ಪಠ್ಯವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹುಡುಕಾಟದಲ್ಲಿ ಅದು ದೊರೆಯುವುದಿಲ್ಲ. ಪರದೆ ಓದುಗ ತಂತ್ರಾಂಶವೂ ಅದನ್ನು ಕನ್ನಡವಾಗಿ ಓದಲಾರದು. ಸ್ವಸಹಾಯ ಸಂಘವೊಂದು ತನ್ನ ಉತ್ಪನ್ನಗಳ ಪುಟವನ್ನು ಹೀಗೆ ರಚಿಸಿದಲ್ಲಿ ಖರೀದಿದಾರರು ಕನ್ನಡದಲ್ಲಿ ಹುಡುಕಿದರೂ ಆ ಪುಟವನ್ನು ತಲುಪಲಾರರು. ಹಳೆಯ ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳನ್ನು ಪರಿಶೀಲಿಸಿಯೇ ಬಳಸತಕ್ಕದ್ದು.

ಕಡತವನ್ನು ಉಳಿಸುವಾಗ ಯುಟಿಎಫ್-8 ಆಯ್ಕೆಯನ್ನು ಬಳಸಿ, ಪುಟದ ತಲೆಭಾಗದಲ್ಲಿ ಆ ಸಂಕೇತ ಕ್ರಮವನ್ನೂ ಭಾಷೆ ಕನ್ನಡವೆಂಬುದನ್ನೂ ನಮೂದಿಸಬೇಕು. ನಂತರ ಬ್ರೌಸರ್‌ನ ಹುಡುಕು ಸೌಲಭ್ಯದಲ್ಲಿ ಊರಿನ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಿ ನೋಡಬೇಕು. ಪುಟದಲ್ಲಿರುವ ಹೆಸರು ದೊರೆತಲ್ಲಿ ಅದನ್ನು ಯೂನಿಕೋಡ್‌ನಲ್ಲಿಯೇ ಬರೆಯಲಾಗಿದೆ ಎಂದು ತಿಳಿಯಬಹುದು.

5. ಅರ್ಜಿದಾರರ ಗಮನಕ್ಕೆ

ಇದೇ ನಿಯಮವು ಆನ್‌ಲೈನ್ ಅರ್ಜಿಗಳಿಗೂ ಅನ್ವಯಿಸುತ್ತದೆ. ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಹೆಸರು ಅಥವಾ ವಿಳಾಸವನ್ನು ನಕಲು ಮಾಡಿ ಅರ್ಜಿ ನಮೂನೆಯಲ್ಲಿ ಅಂಟಿಸಿದಲ್ಲಿ ವಿವರಗಳು ತಪ್ಪಾಗಿ ದಾಖಲಾಗುವ ಸಂಭವವಿರುತ್ತದೆ. ಕನ್ನಡ ವಿವರಗಳನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿ, ಸಲ್ಲಿಸುವ ಮುನ್ನ ಪರದೆಯ ಮೇಲೆ ಓದಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಅಭ್ಯಾಸಕ್ಕಾಗಿ ರಚಿಸುವ ಪುಟಗಳಲ್ಲಿ ಸರ್ಕಾರದ ಲಾಂಛನವನ್ನು ಬಳಸಬಾರದು. ಇತರರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ಪ್ರಕಟಿಸಬಾರದು.