ಗಾಜಿಗೇಕೆ ಮಂಜು ಮುಸುಕುತ್ತದೆ?

ಆರಿದ್ರಾ ಮಳೆ ಹಿಡಿದುಕೊಂಡಿದೆ. ಬೆಳಿಗ್ಗೆ ಎಂಟೂವರೆ ಗಂಟೆ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಸುಮಾರು 60 ಕಿಲೋಮೀಟರ್ ಉದ್ದದ ಹೆದ್ದಾರಿಯಲ್ಲಿ ಶಾಲೆ, ಕಾಲೇಜಿಗೆ ಹೊರಟ ಮಕ್ಕಳು. ಕೆಲವರು ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಡೆಯುತ್ತಿದ್ದಾರೆ. ಕೆಲವರು ವ್ಯಾನಿನಲ್ಲಿ, ಕೆಲವರು ಅಪ್ಪನ ಕಾರಿನಲ್ಲಿ. ಒದ್ದೆ ಚೀಲ, ಒದ್ದೆ ರೇನ್‌ಕೋಟು ಸಮೇತ ನಾಲ್ಕು ಮಕ್ಕಳು ಹತ್ತಿ ಕುಳಿತು, ಇರಚಲು ಹೊಡೆಯದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕಾರು ಹೊರಟಿತೆನ್ನಿ. ಎರಡು ಮೂರು ನಿಮಿಷಗಳಲ್ಲೇ ಮುಂದಿನ ಗಾಜು ಹಾಲು ಬಳಿದಂತಾಗುತ್ತದೆ. ವೈಪರ್ ಎಷ್ಟು ಬಡಿದುಕೊಂಡರೂ ಪ್ರಯೋಜನವಿಲ್ಲ. ಅಪ್ಪ ಅಂಗೈಯಿಂದ ಗಾಜು ಉಜ್ಜಿ, ತಟ್ಟೆಯಗಲದ ಕಿಂಡಿ ಮಾಡಿಕೊಂಡು, ಅದರಲ್ಲಿ ಇಣುಕುತ್ತ ಕಾರು ಓಡಿಸುತ್ತಾರೆ.

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಗಾಜು ಉಜ್ಜಲು ಮೂರು ಸೆಕೆಂಡು ಸಾಕು ಎಂದುಕೊಂಡರೂ ಅಷ್ಟರಲ್ಲಿ ಕಾರು 50 ಮೀಟರ್ ಕುರುಡಾಗಿ ಓಡಿರುತ್ತದೆ. ಆ 50 ಮೀಟರಿನೊಳಗೆ ಕಪ್ಪು ಕೊಡೆ ಹಿಡಿದು ರಸ್ತೆ ದಾಟುವ ಮಗುವೊಂದು ಇರಬಹುದು. ಈ ಮೂರೂ ಊರುಗಳಲ್ಲಿ ಹೆದ್ದಾರಿ ಪೇಟೆಯ ನಡುವೆಯೇ ಹಾದುಹೋಗುವುದರಿಂದ ಇದು ಉತ್ಪ್ರೇಕ್ಷೆಯ ಮಾತಲ್ಲ.

ಹಾಗಾದರೆ ಈ ಮಂಜು ಬರುವುದೆಲ್ಲಿಂದ? ಅದನ್ನು ತಡೆಯುವುದು ಹೇಗೆ?

ಗಾಳಿಯ ಹೊಟ್ಟೆಗೂ ಮಿತಿಯುಂಟು

ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಆದರೆ ಎಷ್ಟು ಆವಿ ಇರಬಲ್ಲದು ಎಂಬುದಕ್ಕೆ ಮಿತಿಯಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ಆವಿ ಇರಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ, 10 ಡಿಗ್ರಿಗೆ ಕೇವಲ 9 ಗ್ರಾಂ. ಮಿತಿ ಮೀರಿದ ಆವಿ ಸಿಕ್ಕಿದ ತಣ್ಣನೆಯ ವಸ್ತುವಿನ ಮೇಲೆ ಹನಿಯಾಗಿ ಕೂರುತ್ತದೆ. ಹಾಗೆ ಹನಿಗಟ್ಟಲು ತೊಡಗುವ ಉಷ್ಣತೆಯೇ ಇಬ್ಬನಿ ಬಿಂದು.

ಇಬ್ಬನಿ ಆಕಾಶದಿಂದ ಬೀಳುತ್ತದೆ ಎಂದು ಜನ ಬಹುಕಾಲ ನಂಬಿದ್ದರು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಣ್ಣಗಾದ ಹುಲ್ಲಿನ ಮೇಲೆ ಸುತ್ತಲಿನ ಗಾಳಿಯ ಆವಿಯೇ ನೀರಾಗುತ್ತದೆಂದು ತೋರಿಸಿದರು. ಕಾರಿನ ಗಾಜಿನ ಮೇಲೆ ನಡೆಯುವುದೂ ಇದೇ ವ್ಯಾಪಾರ.

ಈಗ ಪಿಯುಸಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಕಾರಿನೊಳಗಿನ ಜಾಗ ಸುಮಾರು 3 ಘನಮೀಟರ್ ಎಂದಿಟ್ಟುಕೊಳ್ಳಿ. 25 ಡಿಗ್ರಿಯಲ್ಲಿ ಅದರೊಳಗೆ ಹೆಚ್ಚೆಂದರೆ 69 ಗ್ರಾಂ ಆವಿ ಇರಬಲ್ಲದು. ಮಳೆಗಾಲದ ಗಾಳಿಯಲ್ಲಿ ಶೇಕಡಾ 90ರಷ್ಟು ತೇವ ಇದ್ದರೆ 62 ಗ್ರಾಂ ಮೊದಲೇ ತುಂಬಿರುತ್ತದೆ. ಉಳಿದ ಜಾಗ 7 ಗ್ರಾಮಿಗೆ ಮಾತ್ರ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಐದು ಜನರಿಂದ 200 ಗ್ರಾಂ. ಅಂದರೆ ನಿಮಿಷಕ್ಕೆ 3 ಗ್ರಾಮಿಗೂ ಹೆಚ್ಚು. ಎರಡು ನಿಮಿಷ ಕಳೆಯುವಷ್ಟರಲ್ಲಿ ಗಾಳಿಯ ಹೊಟ್ಟೆ ತುಂಬಿತು! ಒದ್ದೆ ಕೊಡೆ, ರೇನ್‌ಕೋಟುಗಳ ಪಾಲು ಇದಕ್ಕೆ ಸೇರಿಲ್ಲ. ಹೊರಗಡೆಯಿಂದ ಮಳೆನೀರು ಗಾಜನ್ನು ತಣಿಸುತ್ತಿರುವುದರಿಂದ ಆವಿ ಮೊದಲು ಹುಡುಕಿಕೊಂಡು ಹೋಗುವುದು ಅದನ್ನೇ.

ಒಳಗೋ, ಹೊರಗೋ?

ಗಾಜು ಮಸುಕಾದೊಡನೆ ಮಾಡಬೇಕಾದ ಮೊದಲ ಕೆಲಸ, ಮಂಜು ಯಾವ ಬದಿಗಿದೆ ಎಂದು ನೋಡುವುದು. ಒಳಗಿನಿಂದ ಬೆರಳಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿದೆ, ಮೂಡದಿದ್ದರೆ ಹೊರಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ಕಾಯಿಲೆ ಉಲ್ಬಣಿಸುತ್ತದೆ.

ಹೊರಬದಿಯ ಮಂಜು ಕರಾವಳಿಯವರಿಗೆ ಚಿರಪರಿಚಿತ. ಕಾರಿನೊಳಗೆ ಏಸಿ ಜೋರಾಗಿ ಓಡುತ್ತಿದ್ದರೆ ಗಾಜು ತಣ್ಣಗಾಗಿ, ಹೊರಗಿನ ತೇವದ ಗಾಳಿ ಅದರ ಮೇಲೆ ಬೆವರುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಅಥವಾ ಸಾಗರದಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಬರುವವರಿಗೂ ಇದೇ ಅನುಭವ. ಮೇಲಿನ ಊರುಗಳು ಕರಾವಳಿಗಿಂತ ಮೂರು ನಾಲ್ಕು ಡಿಗ್ರಿ ತಂಪು. ಆ ತಂಪನ್ನು ಹೊತ್ತು ಇಳಿದ ಗಾಜಿಗೆ ಕೆಳಗಿನ ಬಿಸಿ ತೇವದ ಗಾಳಿ ತಗುಲಿದೊಡನೆ ಮಂಜು ಕಟ್ಟುತ್ತದೆ. ಏಸಿ ಬಸ್ಸಿನಿಂದ ಇಳಿದವರ ಕನ್ನಡಕ ಮಸುಕಾಗುವ ಹಾಗೆ. ಇದಕ್ಕೆ ಪರಿಹಾರ ಸುಲಭ: ವೈಪರ್ ಹಾಕಿ, ಏಸಿಯ ತಂಪು ಕಡಿಮೆ ಮಾಡಿ, ತಣ್ಣನೆಯ ಗಾಳಿ ಗಾಜಿಗೆ ಬಡಿಯದಂತೆ ತಿರುಗಿಸಿ.

ಏಸಿ ಇದ್ದವರು

ಮಂಜು ಒಳಗಿದ್ದರೆ ಏಸಿಯೇ ಒಳ್ಳೆಯ ಮದ್ದು. ಅದು ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ನಿಜಕ್ಕೂ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಇಂಥ ಯಂತ್ರವನ್ನು ರೂಪಿಸಿದ್ದು ಜನರ ಸುಖಕ್ಕಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ. ಏಸಿಯ ತಣ್ಣನೆಯ ಕೊಳವೆಗಳ ಮೇಲೆ ಹಾಯುವಾಗ ಗಾಳಿಯ ತೇವದ ಒಂದು ಪಾಲು ನೀರಾಗಿ ಬಸಿಯುತ್ತದೆ. ಕಾರಿನಡಿಯಲ್ಲಿ ತೊಟ್ಟಿಕ್ಕುವ ನೀರು ಅದೇ.

ಆದ್ದರಿಂದ ಏಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಿ, ಹೊರಗಾಳಿ ಒಳಬರುವಂತೆ ಗುಂಡಿ ಒತ್ತಿ. ಕಾರಿನೊಳಗೆ ಸುತ್ತುವ ಬಾಣದ ಚಿತ್ರವಿರುವ ಗುಂಡಿ ಚಾಲೂ ಇದ್ದರೆ ಅದನ್ನು ಬಂದ್ ಮಾಡಿ. ಅದು ನಿಮ್ಮ ಉಸಿರಿನ ಆವಿಯನ್ನೇ ತಿರುಗಿ ತಿರುಗಿ ಒಳಗೆ ಸುತ್ತಿಸುತ್ತದೆ. ಉಷ್ಣತೆಯನ್ನು ತೀರಾ ತಂಪಿಗೆ ಇಡಬೇಡಿ, ಸ್ವಲ್ಪ ಬೆಚ್ಚಗಿರಲಿ. ಇಲ್ಲವಾದರೆ ಒಳಗಿನ ಮಂಜು ಹೋಗಿ ಹೊರಗೆ ಮಂಜು ಕಟ್ಟೀತು! ಹಿಂದಿನ ಗಾಜಿನ ಮೇಲೆ ಸಣ್ಣ ಗೆರೆಗಳಂತೆ ಕಾಣುವ ತಂತಿಗಳಿದ್ದರೆ ಅದರ ಗುಂಡಿಯನ್ನೂ ಒತ್ತಿ. ತಂತಿ ಬಿಸಿಯಾಗಿ ಗಾಜು ತಿಳಿಯಾಗುತ್ತದೆ.

ಏಸಿ ಇಲ್ಲದವರು

ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ. ಒಂದಿಷ್ಟು ಹನಿ ಸಿಡಿಯಬಹುದು, ಸಿಡಿಯಲಿ. ಒಳಗಿನ ಆವಿ ಹೊರಗೆ ಹೋಗಲು ದಾರಿ ಬೇಕು. ಫ್ಯಾನ್ ಇದ್ದರೆ ಅದರ ಗಾಳಿಯನ್ನು ಗಾಜಿನ ಕಡೆಗೆ ಬಿಡಿ. ಕೊಡೆ, ರೇನ್‌ಕೋಟುಗಳನ್ನು ಕೊಡವಿ ಡಿಕ್ಕಿಯಲ್ಲಿಡಿ, ಇಲ್ಲವೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕಾಲಡಿಯ ಮ್ಯಾಟಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಒದ್ದೆಯಾದೊಡನೆ ಬದಲಿಸಿ.

ಕೆಲವರು ಉಪ್ಪಿನ ಪೊಟ್ಟಣ ಇಡುವುದುಂಟು. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪು ಬಳಸುವ ಮನೆಯವರಿಗೆ ಆಷಾಢದಲ್ಲಿ ಉಪ್ಪಿನ ಭರಣಿ ನೀರಾಗುವುದು ಗೊತ್ತೇ ಇದೆ. ಉಪ್ಪು ತೇವ ಹೀರುವುದು ನಿಜ. ಆದರೆ ಆ ಉಪ್ಪುನೀರು ಸೋರಿದರೆ ಕಾರಿನ ತಗಡು ತುಕ್ಕು ಹಿಡಿಯುತ್ತದೆ. ಆ ಉಪಾಯ ಬೇಡ.

ಸೋಪು, ಬೀಡಿ, ಬಟಾಟೆ

ಅಂಬಾಸಡರ್ ಕಾರುಗಳ ಕಾಲದಲ್ಲಿ ವೈಪರ್ ಕೈಕೊಟ್ಟರೆ ಚಾಲಕರು ಬೀಡಿಯ ತಂಬಾಕನ್ನೋ, ಹೆಚ್ಚಿದ ಬಟಾಟೆಯನ್ನೋ ಗಾಜಿಗೆ ಉಜ್ಜುತ್ತಿದ್ದರು. ಇದು ಬರೀ ಮೂಢನಂಬಿಕೆಯಲ್ಲ. ಗಾಜನ್ನು ಮಸುಕಾಗಿಸುವುದು ನೀರಲ್ಲ, ನೀರಿನ ಹನಿಗಳು. ಸಾವಿರಾರು ಪುಟ್ಟ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತವೆ. ಅದೇ ನೀರು ತೆಳುವಾದ ಪೊರೆಯಂತೆ ಹರಡಿಕೊಂಡರೆ ಗಾಜಿನಾಚೆಗೆ ಕಾಣುತ್ತದೆ. 1911ರಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಹಾಗೂ ಇಂಗ್ಲೆಂಡಿನ ಲಾರ್ಡ್ ರೇಲಿ ಗಾಜಿನ ಮೇಲೆ ಉಸಿರು ಬಿಟ್ಟು ಈ ವಿಷಯವನ್ನೇ ಅಭ್ಯಸಿಸಿದ್ದರು. ಜಿಡ್ಡಿನ ಗಾಜಿನ ಮೇಲೆ ನೀರು ಹನಿಯಾಗುತ್ತದೆ, ಅತಿ ಶುದ್ಧ ಗಾಜಿನ ಮೇಲೆ ಪೊರೆಯಾಗುತ್ತದೆ.

ಆದ್ದರಿಂದ ವಾರಕ್ಕೊಮ್ಮೆ ಗಾಜಿನ ಒಳಬದಿಯನ್ನು ತೊಳೆದು ಒರೆಸಿ. ಬಳಿಕ ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿಯನ್ನು ಒದ್ದೆ ಬಟ್ಟೆಗೆ ಹಾಕಿ ಗಾಜಿಗೆ ಸವರಿ, ಒಣ ಬಟ್ಟೆಯಿಂದ ಗುರುತು ಕಾಣದಂತೆ ಉಜ್ಜಿ. ಕೆಲವು ದಿನ ಮಂಜಿನ ಕಾಟ ಕಡಿಮೆಯಾಗುತ್ತದೆ. ಅಂಗೈಯಿಂದ ಒರೆಸುವ ಅಭ್ಯಾಸ ಬಿಡಿ. ಕೈಯ ಜಿಡ್ಡು ಗಾಜಿಗೆ ಅಂಟಿ, ರಾತ್ರಿ ಎದುರಿನ ದೀಪ ಬಿದ್ದಾಗ ಕಣ್ಣು ಕೋರೈಸುತ್ತದೆ. ಕಾರಿನಲ್ಲಿ ಯಾವಾಗಲೂ ಒಂದು ಒಣ ಹತ್ತಿ ಬಟ್ಟೆ ಇರಲಿ.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳು ಒಂದು ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಒಂದೊಂದೇ ಚೂರು ಐಸ್ ಸೇರಿಸುತ್ತ ಥರ್ಮಾಮೀಟರಿನಿಂದ ಕಲಕಿ. ಜ್ವರ ನೋಡುವುದು ಬೇಡ, ಪ್ರಯೋಗಾಲಯದ್ದೇ ಬೇಕು. ಲೋಟದ ಹೊರಮೈ ಮಸುಕಾಗುವ ಕ್ಷಣದ ಉಷ್ಣತೆಯೇ ಹೆಚ್ಚುಕಡಿಮೆ ಆ ದಿನದ ಇಬ್ಬನಿ ಬಿಂದು. ಇನ್ನೊಂದು ಪ್ರಯೋಗ: ಕನ್ನಡಿಯ ಅರ್ಧಕ್ಕೆ ಸೋಪು ಸವರಿ ಒರೆಸಿ, ಇಡೀ ಕನ್ನಡಿಯ ಮೇಲೆ ಉಸಿರು ಬಿಡಿ. ಯಾವ ಅರ್ಧದಲ್ಲಿ ಮುಖ ಕಾಣುತ್ತದೆ?

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ಗಾಜು ತಿಳಿಯಾಗದಿದ್ದರೆ ಕಾರು ನಿಲ್ಲಿಸಿ. ಆದರೆ ಎಲ್ಲೆಂದರಲ್ಲಿ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಅಲ್ಲಿ ನಿಂತಿದ್ದ ವಾಹನಗಳೂ ಗಂಗಾವಳಿ ನದಿಯ ಪಾಲಾದದ್ದನ್ನು ಈ ಭಾಗದ ಜನ ಮರೆತಿಲ್ಲ. ಕಡಿದ ಗುಡ್ಡದ ಬುಡ, ಘಟ್ಟದ ತಿರುವು, ಸೇತುವೆ ಇವುಗಳನ್ನು ಬಿಟ್ಟು, ಬಯಲಿನಲ್ಲಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ದೀಪ ಮಿನುಗಿಸುತ್ತ ನಿಲ್ಲಿ. ಮನೆಯಿಂದ ಐದು ನಿಮಿಷ ಮೊದಲೇ ಹೊರಟರೆ ಇದಕ್ಕೆಲ್ಲ ಸಮಯ ಸಿಗುತ್ತದೆ. ಶಾಲೆಯ ಗಂಟೆ ತಪ್ಪಿದರೆ ಮಾಸ್ತರರು ಒಂದು ಮಾತು ಅಂದಾರು, ಅಷ್ಟೇ. ರಸ್ತೆಯಂಚಿನಲ್ಲಿ ಕೊಡೆ ಹಿಡಿದು ಹೋಗುತ್ತಿರುವ ಮಗುವೂ ಯಾರದೋ ಮನೆಗೆ ಸಂಜೆ ಮರಳಬೇಕಲ್ಲವೇ?