ಗ್ರಿಮೆಟಾನ್‌ನ ಆರು ಗೋಪುರಗಳು

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. 17.2 ಕಿಲೋಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಯ ತರಂಗದೂರ ಎಷ್ಟು? ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಸುಮಾರು 17,400 ಮೀಟರ್ ಬರುತ್ತದೆ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ ಆಂಟೆನಾದ ಎತ್ತರ ತರಂಗದೂರದ ಕಾಲು ಭಾಗದಷ್ಟಿದ್ದರೆ ಒಳ್ಳೆಯದು ಎಂದು ತರಗತಿಯಲ್ಲಿ ಹೇಳುತ್ತೇವೆ. ಅಂದರೆ ಇಲ್ಲಿ ಸುಮಾರು 4,350 ಮೀಟರ್! ಅಂಥ ಗೋಪುರವನ್ನು ಯಾರೂ ಕಟ್ಟಲಾರರು. ಆದರೂ ಸ್ವೀಡನ್ನಿನ ನೈರುತ್ಯ ಭಾಗದ ಗ್ರಿಮೆಟಾನ್ ಎಂಬ ಹಳ್ಳಿಯಿಂದ ಇಂಥ ಅತಿ ದೀರ್ಘ ಅಲೆಗಳು 1924ರಿಂದ ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕವನ್ನು ತಲುಪುತ್ತಿದ್ದವು. ಅಲ್ಲಿನ ಗೋಪುರಗಳ ಎತ್ತರ ಕೇವಲ 127 ಮೀಟರ್. ಇದು ಹೇಗೆ ಸಾಧ್ಯವಾಯಿತು?

ಯುದ್ಧ ಕಲಿಸಿದ ಪಾಠ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಖಂಡಗಳ ನಡುವಿನ ತಂತಿ ಸಂದೇಶಗಳು ಸಮುದ್ರದಡಿಯ ಕೇಬಲ್‌ಗಳನ್ನೇ ಅವಲಂಬಿಸಿದ್ದವು. ಯುದ್ಧದಲ್ಲಿ ಕೇಬಲ್‌ಗಳನ್ನು ಕತ್ತರಿಸಲಾಯಿತು. ಉಳಿದವು ಪರರ ಹಿಡಿತದಲ್ಲಿದ್ದವು. ತಟಸ್ಥವಾಗಿದ್ದ ಸ್ವೀಡನ್ನಿಗೆ ಇದರ ಬಿಸಿ ತಟ್ಟಿತು. ಅದರ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಆ ವೇಳೆಗೆ ಅಮೆರಿಕಕ್ಕೆ ವಲಸೆ ಹೋಗಿದ್ದರು. ವ್ಯಾಪಾರದ ನಂಟೂ ದೊಡ್ಡದಿತ್ತು. ಯಾರ ಕೇಬಲನ್ನೂ ಬೇಡದ ಸ್ವಂತ ರೇಡಿಯೋ ಕೇಂದ್ರವೊಂದನ್ನು ಕಟ್ಟಲು ಅಲ್ಲಿನ ಸಂಸತ್ತು 1920ರಲ್ಲಿ ಒಪ್ಪಿಗೆ ನೀಡಿತು. 1924ರ ಡಿಸೆಂಬರ್ 1ರಂದು ಕೇಂದ್ರ ಕೆಲಸ ಆರಂಭಿಸಿತು. 1925ರ ಜುಲೈ 2ರಂದು ದೊರೆ ಐದನೆಯ ಗುಸ್ತಾಫ್ ಅದನ್ನು ವಿಧಿವತ್ತಾಗಿ ಉದ್ಘಾಟಿಸಿದರು. ಅದರ ಕರೆಸಂಕೇತ ಎಸ್.ಎ.ಕ್ಯೂ.

ತಿರುಗುವ ಪ್ರೇಷಕ

ಈ ಪ್ರೇಷಕದಲ್ಲಿ ಅಲೆಗಳನ್ನು ಹುಟ್ಟಿಸುವುದು ವಾಲ್ವ್ ಅಲ್ಲ, ಟ್ರಾನ್ಸಿಸ್ಟರ್ ಅಂತೂ ಅಲ್ಲ; ವಿದ್ಯುತ್ ಮೋಟಾರಿನಿಂದ ತಿರುಗುವ ಒಂದು ಆಲ್ಟರ್ನೇಟರ್. ಇದನ್ನು ರೂಪಿಸಿದವರು ಸ್ವೀಡನ್ನಿನ ಉಪ್ಸಾಲಾದಲ್ಲಿ 1878ರಲ್ಲಿ ಹುಟ್ಟಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅರ್ನ್‌ಸ್ಟ್ ಅಲೆಕ್ಸಾಂಡರ್ಸನ್.

ನಮ್ಮ ವಿದ್ಯುದಾಗಾರಗಳ ಆಲ್ಟರ್ನೇಟರುಗಳು ಕೊಡುವುದು 50 ಹರ್ಟ್ಸ್. ಅದಕ್ಕಿಂತ ಮುನ್ನೂರು ಪಟ್ಟಿಗೂ ಮೀರಿದ ಆವೃತ್ತಿಯನ್ನು ಪಡೆಯುವುದು ಹೇಗೆ? ಅಲೆಕ್ಸಾಂಡರ್ಸನ್ ತಿರುಗುವ ಭಾಗದಲ್ಲಿ ಸುರುಳಿಯನ್ನೇ ಇಡಲಿಲ್ಲ. ಅಲ್ಲಿರುವುದು 1.6 ಮೀಟರ್ ವ್ಯಾಸದ ಉಕ್ಕಿನ ತಟ್ಟೆ. ಅದರ ಅಂಚಿನಲ್ಲಿ 488 ಸೀಳುಗಳು. ಅವುಗಳಲ್ಲಿ ಕಾಂತಗುಣವಿಲ್ಲದ ಲೋಹವನ್ನು ತುಂಬಲಾಗಿದೆ. ಸ್ಥಿರ ಸುರುಳಿಗಳ ಎದುರು ಉಕ್ಕು ಬಂದಾಗ ಕಾಂತೀಯ ಅಭಿವಾಹ ಹೆಚ್ಚುತ್ತದೆ, ಸೀಳು ಬಂದಾಗ ತಗ್ಗುತ್ತದೆ. ತಟ್ಟೆ ನಿಮಿಷಕ್ಕೆ 2,115 ಸುತ್ತು, ಅಂದರೆ ಸೆಕೆಂಡಿಗೆ 35.25 ಸುತ್ತು ತಿರುಗುತ್ತದೆ. 488ನ್ನು 35.25ರಿಂದ ಗುಣಿಸಿ ನೋಡಿ: 17,202 ಹರ್ಟ್ಸ್! ಫ್ಯಾರಡೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ತಟ್ಟೆಯ ಅಂಚಿನ ವೇಗ ಸೆಕೆಂಡಿಗೆ ಸುಮಾರು 177 ಮೀಟರ್. ಅಲ್ಲಿನ ಅಭಿಕೇಂದ್ರ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 4,000 ಪಟ್ಟು. ಇಷ್ಟಿದ್ದೂ ವೇಗ ಸ್ಥಿರವಾಗಿರಬೇಕು. ಟೆಲಿಗ್ರಾಫ್ ಕೀಲಿ ಒತ್ತಿದಾಗಲೆಲ್ಲ ಹೊರೆ ಏರಿ ಯಂತ್ರ ನಿಧಾನವಾಗಲು ನೋಡುತ್ತದೆ. ವೇಗ ಶೇಕಡಾ 1ರಷ್ಟು ಇಳಿದರೂ ಆವೃತ್ತಿ 172 ಹರ್ಟ್ಸ್ ಸರಿದು, ಆಂಟೆನಾದೊಡನೆ ಅನುರಣನ ತಪ್ಪಿಹೋಗುತ್ತದೆ. ಆದ್ದರಿಂದ ಯಂತ್ರದಷ್ಟೇ ಅದರ ವೇಗನಿಯಂತ್ರಕವೂ ಮುಖ್ಯ.

ಗೋಪುರಗಳ ಗುಟ್ಟು

ಈಗ ಮೊದಲ ಪ್ರಶ್ನೆಗೆ ಬರೋಣ. 380 ಮೀಟರ್ ಅಂತರದಲ್ಲಿ ಸಾಲಾಗಿ ಆರು ಉಕ್ಕಿನ ಗೋಪುರಗಳು ನಿಂತಿವೆ. ಪ್ರತಿಯೊಂದರ ತುದಿಯಲ್ಲೂ 46 ಮೀಟರ್ ಅಗಲದ ಅಡ್ಡತೋಳು. ಈ ತೋಳುಗಳ ಮೇಲೆ ತಾಮ್ರದ ತಂತಿಗಳು ಉದ್ದಕ್ಕೂ ಹಾದುಹೋಗಿವೆ. ಇಲ್ಲಿ ಅಲೆ ಸೂಸುವ ಕೆಲಸ ಗೋಪುರಗಳದ್ದಲ್ಲ. ಅವು ತಂತಿಗಳನ್ನು ಹೊತ್ತು ನಿಂತಿವೆ, ಅಷ್ಟೇ. ಮೇಲಿನ ಅಡ್ಡ ತಂತಿಗಳು ನೆಲದೊಡನೆ ಸೇರಿ ಒಂದು ದೊಡ್ಡ ಧಾರಕದಂತೆ ವರ್ತಿಸುತ್ತವೆ. ಅದನ್ನು ತುಂಬಿ ಬರಿದುಮಾಡುವ ಪ್ರವಾಹ ಹರಿಯುವ ಲಂಬ ತಂತಿಗಳೇ ನಿಜವಾದ ಪ್ರಸಾರಕಗಳು.

ತರಂಗದೂರಕ್ಕೆ ಹೋಲಿಸಿದರೆ 127 ಮೀಟರ್ ತೀರಾ ಗಿಡ್ಡ. ಆದ್ದರಿಂದ ಅಂಥ ಆಂಟೆನಾದ ವಿಕಿರಣ ರೋಧ ಹೆಚ್ಚೆಂದರೆ 0.08 ಓಮ್ ಎಂದು ಲೆಕ್ಕ ತೋರಿಸುತ್ತದೆ. ಕಾಲು ತರಂಗದೂರದ ಆಂಟೆನಾಕ್ಕೆ ಇದು ಸುಮಾರು 36 ಓಮ್. ಪ್ರವಾಹ ನೆಲದ ಮೂಲಕ ಹಿಂದಿರುಗುವಾಗ ಮಣ್ಣಿನ ರೋಧ ಒಂದೆರಡು ಓಮ್ ಇದ್ದರೂ ಸಾಕು, ಶಕ್ತಿಯ ಬಹುಪಾಲು ಮಣ್ಣನ್ನು ಬಿಸಿಮಾಡುವುದರಲ್ಲೇ ಮುಗಿದುಹೋಗುತ್ತದೆ.

ಅಲೆಕ್ಸಾಂಡರ್ಸನ್ ಕಂಡುಕೊಂಡ ಉಪಾಯ ಸರಳ. ಒಂದೇ ಕಡೆ ಭೂಸಂಪರ್ಕ ಕೊಡುವ ಬದಲು ಪ್ರತಿ ಗೋಪುರದ ಬಳಿಯೂ ಒಂದು ಲಂಬ ತಂತಿಯನ್ನು ಇಳಿಸಿ, ಸುರುಳಿಯೊಂದರ ಮೂಲಕ ನೆಲಕ್ಕೆ ಸೇರಿಸಿದರು. ಆರೂ ಸುರುಳಿಗಳನ್ನು ಒಂದೇ ಆವೃತ್ತಿಗೆ ಹೊಂದಿಸಲಾಯಿತು. ಆರು ಭೂಸಂಪರ್ಕಗಳು ಸಮಾಂತರವಾಗಿ ಸೇರಿದ್ದರಿಂದ ನೆಲದ ರೋಧ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯಿತು. ವಿಕಿರಣವೇನೂ ಕುಗ್ಗಲಿಲ್ಲ. ಗೋಪುರಗಳ ಸಾಲಿನ ಉದ್ದ 1.9 ಕಿಲೋಮೀಟರ್ ಆದರೂ 17.4 ಕಿಲೋಮೀಟರಿನ ಅಲೆಗೆ ಅದು ಚಿಕ್ಕದೇ. ಆರು ತಂತಿಗಳ ಪ್ರವಾಹ ಒಂದೇ ಪ್ರಾವಸ್ಥೆಯಲ್ಲಿ ಕೂಡಿ ಒಂದೇ ತಂತಿಯ ಪ್ರವಾಹದಂತೆ ಅಲೆ ಸೂಸುತ್ತದೆ. ಹೈಸ್ಕೂಲಿನಲ್ಲಿ ಕಲಿಸುವ ಸಮಾಂತರ ರೋಧಗಳ ಸೂತ್ರವೇ ಇಲ್ಲಿ ಸಾಗರ ದಾಟಲು ನೆರವಾಯಿತು.

ಹಳತಾದರೂ ಉಳಿದದ್ದು

ಗ್ರಿಮೆಟಾನ್ ಉದ್ಘಾಟನೆಯಾಗುವ ವೇಳೆಗಾಗಲೇ ವಾಲ್ವ್ ಪ್ರೇಷಕಗಳೂ ಹ್ರಸ್ವ ತರಂಗಗಳೂ ಮುನ್ನುಗ್ಗುತ್ತಿದ್ದವು. ಕಡಿಮೆ ಶಕ್ತಿ, ಚಿಕ್ಕ ಆಂಟೆನಾ ಸಾಕಾಗುವ ಕಾಲ ಬಂತು. ಇದೇ ಬಗೆಯ ಯಂತ್ರಗಳಿದ್ದ ಬೇರೆ ಕೇಂದ್ರಗಳು ಒಂದೊಂದಾಗಿ ಕಣ್ಮರೆಯಾದವು. ಗ್ರಿಮೆಟಾನ್‌ನಲ್ಲಿದ್ದ ಎರಡು ಆಲ್ಟರ್ನೇಟರುಗಳಲ್ಲೂ ಒಂದು ಮಾತ್ರ ಉಳಿಯಿತು.

ಅದನ್ನು ಉಳಿಸಿದ್ದು ಸಮುದ್ರದ ನೀರು! ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಅಲೆಗಳು ಬೇಗ ಕ್ಷೀಣಿಸುತ್ತವೆ. 1 ಮೆಗಾಹರ್ಟ್ಸ್ ಅಲೆ ಸುಮಾರು 25 ಸೆಂಟಿಮೀಟರ್ ಆಳದಲ್ಲೇ ಶೇಕಡಾ 37ಕ್ಕೆ ಇಳಿದರೆ, 17.2 ಕಿಲೋಹರ್ಟ್ಸ್ ಅಲೆ ಅಷ್ಟು ಇಳಿಯಲು ಸುಮಾರು 2 ಮೀಟರ್ ಬೇಕು. ಮುಳುಗಿರುವ ಜಲಾಂತರ್ಗಾಮಿಗೆ ಸಂದೇಶ ಕಳಿಸಲು ಈ ವ್ಯತ್ಯಾಸವೇ ಸಾಕು. ಹೀಗಾಗಿ ಸ್ವೀಡನ್ನಿನ ನೌಕಾಪಡೆ 1990ರ ದಶಕದವರೆಗೂ ಈ ಕೇಂದ್ರವನ್ನು ಬಳಸಿತು. ನಮ್ಮ ನೌಕಾಪಡೆಯೂ ಇದೇ ಕಾರಣಕ್ಕಾಗಿ ತಮಿಳುನಾಡಿನ ತಿರುನೆಲ್ವೇಲಿ ಬಳಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ಅತಿ ಕಡಿಮೆ ಆವೃತ್ತಿಯ ಕೇಂದ್ರವನ್ನು ಹೊಂದಿದೆ.

ಹಳೆಯ ಗೋಪುರಗಳ ಹತ್ತಿರವೇ 1966ರಲ್ಲಿ 260 ಮೀಟರ್ ಎತ್ತರದ ಇನ್ನೊಂದು ಕಂಬ ಎದ್ದಿತು. ಅದು ಟಿವಿ ಮತ್ತು ಎಫ್‌ಎಂ ಪ್ರಸಾರಕ್ಕೆ. ಹಳೆಯವು ನಾಲ್ಕು ಕಾಲುಗಳ ಮೇಲೆ ತಾವೇ ನಿಂತ ಗೋಪುರಗಳು. ಇದು ಸುತ್ತಲೂ ತಂತಿಗಳಿಂದ ಬಿಗಿದ ತೆಳುಕಂಬ. ಇಲ್ಲಿ ಎತ್ತರ ಬೇಕಾದದ್ದು ತರಂಗದೂರಕ್ಕಾಗಿ ಅಲ್ಲ, ದೃಷ್ಟಿರೇಖೆಯನ್ನು ದೂರಕ್ಕೆ ಚಾಚಲು. ಎರಡನ್ನೂ ಅಕ್ಕಪಕ್ಕ ನೋಡಿದರೆ ಅರ್ಧ ಶತಮಾನದ ರೇಡಿಯೋ ಚರಿತ್ರೆ ಕಣ್ಣಿಗೆ ಬೀಳುತ್ತದೆ.

ಕೇಂದ್ರದ ಕೆಲಸ ಮುಗಿದಾಗ ಅದನ್ನು ಕೆಡವಿಬಿಡುವುದು ಸುಲಭವಿತ್ತು. ಅಲ್ಲಿನವರು ಹಾಗೆ ಮಾಡಲಿಲ್ಲ. 2004ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಯಂಸೇವಕರು ಯಂತ್ರವನ್ನು ಇಂದಿಗೂ ಸುಸ್ಥಿತಿಯಲ್ಲಿಟ್ಟು, ವಿಶೇಷ ದಿನಗಳಲ್ಲಿ ಚಾಲನೆ ಮಾಡಿ ಮೋರ್ಸ್ ಸಂದೇಶ ಕಳಿಸುತ್ತಾರೆ. ಆ ಆವೃತ್ತಿ ಕಂಪ್ಯೂಟರಿನ ಸೌಂಡ್ ಕಾರ್ಡಿನ ವ್ಯಾಪ್ತಿಯೊಳಗೇ ಇರುವುದರಿಂದ ಯುರೋಪಿನ ಹವ್ಯಾಸಿಗಳು ತಂತಿಯ ಸುರುಳಿ ಮತ್ತು ಕಂಪ್ಯೂಟರ್ ಬಳಸಿಯೇ ಅದನ್ನು ಹಿಡಿಯುತ್ತಾರೆ.

ನಾನು ಪಾಠ ಹೇಳಿದ ಕಾಲೇಜೊಂದರಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಟ್ಯಾಂಜೆಂಟ್ ಗ್ಯಾಲ್ವನೋಮೀಟರುಗಳು ಜಾಗ ಸಾಲದೆಂದು ಗುಜರಿಗೆ ಹೋದವು. ಅವನ್ನು ಸರಿಪಡಿಸಬಲ್ಲ ಸಹಾಯಕರೂ ಆಗಲೇ ನಿವೃತ್ತರಾಗಿದ್ದರು. ನಿಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿಯೂ ಅಂಥ ಉಪಕರಣಗಳಿರಬಹುದು. ಮುಂದಿನ ವಾರ ಒಂದನ್ನು ಹೊರತೆಗೆದು, ಧೂಳು ಒರೆಸಿ, ವಿದ್ಯಾರ್ಥಿಗಳ ಕೈಯಲ್ಲೇ ನಡೆಸಿ ನೋಡಿ.