ಹಾಲೇರಿ ಅರಸರ ಮಡಿಕೇರಿ

ಸಹ್ಯಾದ್ರಿಯ ಮಡಿಲಲ್ಲಿರುವ ಮಡಿಕೇರಿಯನ್ನು 1681ರಲ್ಲಿ ರಾಜಧಾನಿಯಾಗಿ ಕಟ್ಟಿದವನು ಹಾಲೇರಿ ವಂಶದ ಮುದ್ದುರಾಜ. ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತಕ್ಕೆ ಹೋಗಿ ಹಿಂತಿರುಗುತ್ತಾರೆ. ಆದರೆ ಊರಿನ ನಿಜವಾದ ಸಿರಿ ಅದರ ಕಟ್ಟಡಗಳಲ್ಲಿದೆ. ಕೋಟೆಯೊಳಗೆ ಗಾರೆಯಿಂದ ಮಾಡಿದ, ಜೀವಂತ ಆನೆಯಷ್ಟೇ ಗಾತ್ರದ ಎರಡು ಆನೆಗಳು ಮಳೆಗಾಲಗಳನ್ನು ತಾಳಿಕೊಂಡು ಇಂದಿಗೂ ನಿಂತಿವೆ. ಅದೇ ವಂಶದ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯವಂತೂ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು, ಎದುರಿಗೆ ಮಂಟಪವುಳ್ಳ ಕೊಳ ಹೀಗೆ ಶಿವಾಲಯದ ಕಲ್ಪನೆಯನ್ನೇ ಇಸ್ಲಾಮಿ ವಾಸ್ತುಶೈಲಿಯೊಡನೆ ಬೆರೆಸಿರುವ ಅಪರೂಪದ ರಚನೆ. ಇದೇ ಶೈಲಿಯ ಗದ್ದಿಗೆ, ಅಂದರೆ ಲಿಂಗಾಯತ ಸಂಪ್ರದಾಯದ ಸಮಾಧಿ ಸ್ಥಳ, ಅರಸು ಮನೆತನದವರ ಅಂತಿಮ ವಿಶ್ರಾಂತಿಯ ನೆಲೆ. ಅಲ್ಲಿನ ಗುಮ್ಮಟದ ಬುಡದಲ್ಲಿ ಕುಳಿತ ನಂದಿಗಳನ್ನು ನಿಧಾನವಾಗಿ ನೋಡಬೇಕು.